ಎಂಟು ಭಾನುವಾರದ ನಗೆನಾಟಕ ಶಿಬಿರ: ಸೇರಬಹುದಾ?

ಬೆಂಗಳೂರಿನ ಹನುಮಂತನಗರದ ಹತ್ತಿರ ನಡೆದ ನಗೆನಾಟಕ ಬರೆಯುವ ಶಿಬಿರ ಮೊನ್ನೆ ಮುಗಿಯಿತು. ಎಂಟು ಭಾನುವಾರ, ಬೆಳಗ್ಗೆ ಹತ್ತರಿಂದ ಒಂದೂವರೆವರೆಗೆ, ಫೀಸು 6,000 ರೂಪಾಯಿ. ಸೇರೋ ಮುಂಚೆ ಎಷ್ಟು ಹುಡುಕಿದರೂ ಒಂದು ವಿವರವಾದ ರಿವ್ಯೂ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಡೆಸಿದವರ ಹೆಸರು ಹಾಕಿಲ್ಲ. ಎರಡು ದೂರುಗಳಿವೆ, ಅವರಿಗೇ ಮೇಲ್ ಮಾಡಿದ್ದೇನೆ, ಉತ್ತರ ಬರೋದಕ್ಕೆ ಮುಂಚೆ ಹೆಸರು ಎಳೆಯೋದು ಸರಿಯಲ್ಲ ಅಲ್ವಾ.

ದುಡ್ಡು ದಂಡ ಆಗಲಿಲ್ಲ. ಕಾರಣ, ನಾವು ಬರೆದದ್ದನ್ನು ಅದೇ ದಿನ ನಟರು ನಮ್ಮೆದುರಿಗೇ ಓದುತ್ತಿದ್ದರು. ಹವ್ಯಾಸಿ ತಂಡಗಳ ನಾಲ್ಕು ಜನ, ಪ್ರತಿ ವಾರ ತಪ್ಪದೆ ಬಂದರು. ಹಾಸ್ಯ ಕಾಗದದ ಮೇಲೆ ಗೊತ್ತಾಗೋದಿಲ್ಲ, ಬಾಯಲ್ಲಿ ಗೊತ್ತಾಗುತ್ತದೆ. ಇದನ್ನು ಹೇಳಿದರೆ ಸಾಲದು, ಕಿವಿಯಾರೆ ಕೇಳಬೇಕು.

ನನ್ನ ನಾಟಕ ಒಂದು ಬಾಡಿಗೆ ಮನೆಯದ್ದು. ಹತ್ತು ತಿಂಗಳ ಅಡ್ವಾನ್ಸ್ ತಗೊಂಡಿರೋ ಓನರ್, ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದು ಅಂತ ಷರತ್ತು ಹಾಕಿರುತ್ತಾನೆ. ಒಂದು ದಿನ ಬಂದು ನೋಡಿದರೆ ಹಾಲ್‌ನಲ್ಲಿ ಮೊಳೆ. ಬಾಡಿಗೆದಾರನ ಬಾಯಲ್ಲಿ ನಾನು ಹೀಗೆ ಬರೆದಿದ್ದೆ: "ನಿಮ್ಮ ತಂದೆಯವರ ಫೋಟೋ ಹಾಕೋಕೆ ಅಂತಾನೇ ಸಾರ್ ಮೊಳೆ ಹೊಡೆದದ್ದು." ನಟ ಓದಿದ, ಯಾರೂ ನಗಲಿಲ್ಲ. ಪಾಠ ಮಾಡುತ್ತಿದ್ದ ಮೇಡಂ ಒಂದು ಪದವನ್ನೂ ಹೊಸದಾಗಿ ಸೇರಿಸದೆ, ಸಾಲನ್ನು ಹಿಂದುಮುಂದು ಮಾಡಿಕೊಟ್ಟರು: "ಮೊಳೆ ಹೊಡೆದದ್ದು ಫೋಟೋ ಹಾಕೋಕೆ ಸಾರ್... ನಿಮ್ಮ ತಂದೆಯವರದ್ದು." ಇಡೀ ಕೋಣೆ ನಕ್ಕಿತು.

ಅವರು ವಿವರಿಸಿದ್ದು ಇಷ್ಟು. ಬರೆಯೋ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ, ಆದರೆ ನಗು ಹುಟ್ಟಿಸೋ ಪದ ಬಹಳ ಸಲ ಬೇರೇನೇ ಆಗಿರುತ್ತದೆ, ಅದು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ ಅದರ ಮೇಲೆ "ಹೊಡೆದದ್ದು", "ಹಾಕಿದ್ದು" ಬಂದು ಬಿದ್ದು ಅದನ್ನು ಮುಚ್ಚಿಬಿಡುತ್ತದೆ. ಮಾತಾಡೋ ಕನ್ನಡದಲ್ಲಿ ನಾವು ದಿನಾ ಕ್ರಿಯಾಪದ ಆದಮೇಲೂ ಪದ ಸೇರಿಸುತ್ತೇವೆ. "ಬಂದ ನೋಡು, ನಿಮ್ಮ ಮಾವ." ವೇದಿಕೆಗೆ ಬೇಕಾದದ್ದು ಈ ಕನ್ನಡ. ಕೈಲಾಸಂ (1884–1946) ಮನೆಮಾತನ್ನು, ಅದರೊಳಗಿನ ಇಂಗ್ಲಿಷ್ ಸಮೇತ, ಹಾಗೇ ರಂಗಕ್ಕೆ ತಂದರು ಅಂತ ಶಾಲೆಯಿಂದ ಕೇಳಿದ್ದೆ. ಅದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ಅವತ್ತು ಅರ್ಥವಾಯಿತು.

ಇನ್ನೊಂದು ವಾರ ಪೂರ್ತಿ ನಗು ಬಂದ ಮೇಲೆ ಏನು ಬರೆಯಬೇಕು ಅನ್ನೋದಕ್ಕೇ ಹೋಯಿತು. ಜನ ಜೋರಾಗಿ ನಕ್ಕರೆ ಮುಂದಿನ ಡೈಲಾಗು ಕೇಳಿಸೋದಿಲ್ಲ, ಅಲ್ಲಿ ಕಥೆಗೆ ಬೇಕಾದ ಮಾತು ಇಟ್ಟರೆ ಅದು ಕಳೆದುಹೋಗುತ್ತದೆ. ಪಾತ್ರಕ್ಕೆ ಮಾತಿನ ಬದಲು ಏನಾದರೂ ಕೆಲಸ ಕೊಡಿ ಅಂದರು: ಕನ್ನಡಕ ಒರೆಸೋದು, ಲೋಟ ಎತ್ತಿಡೋದು. ಹಾಗೇ ಮೊದಲ ನಿಮಿಷದ ವಿಷಯ. 2004ರಲ್ಲಿ ಶುರುವಾದ ರಂಗಮಂದಿರ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡೋದಿಲ್ಲ, ಹಾಗಾಗಿ ಮುಂದೆ ಬರೋ ನಗೆಗೆ ಬೇಕಾದ ಸುಳಿವನ್ನು ಮೊದಲ ಸಾಲಲ್ಲೇ ಇಡಬಹುದು. ಜನ ಹತ್ತು ನಿಮಿಷ ತಡವಾಗಿ ಬರೋ ಹಾಲ್‌ಗಳಿಗಾದರೆ ಅದೇ ಸುಳಿವನ್ನು ಬೇರೆ ರೂಪದಲ್ಲಿ ಇನ್ನೊಂದು ಸಲ ಇಡಬೇಕು. ನನ್ನ ಮೊಳೆಯ ಷರತ್ತು ಈಗ ಎರಡು ಕಡೆ ಬರುತ್ತದೆ.

ಒಬ್ಬ ಹುಡುಗ ಕೇಳಿದ, ಮಾಸ್ಟರ್ ಹಿರಣ್ಣಯ್ಯ ಅವತ್ತಿನ ರಾಜಕೀಯವನ್ನೆಲ್ಲ ವೇದಿಕೆಯಲ್ಲೇ ಡೈಲಾಗಿಗೆ ಸೇರಿಸುತ್ತಿದ್ದರಲ್ಲ ಮೇಡಂ, ನಾವು ಯಾಕೆ ಬರೆದದ್ದಕ್ಕೇ ಅಂಟಿಕೊಳ್ಳಬೇಕು ಅಂತ. ಅವರ ಉತ್ತರ ನನಗೆ ಬಹಳ ಹಿಡಿಸಿತು. ಹತ್ತಾರು ವರ್ಷ ಜನರೆದುರು ನಿಂತು ಗಳಿಸಿದ ಹಿಡಿತ ಅದು ಅಪ್ಪಾ, ಎರಡು ತಿಂಗಳ ರಿಹರ್ಸಲ್‌ನ ತಂಡದಲ್ಲಿ ಒಬ್ಬರು ಸ್ವಂತ ಮಾತು ಸೇರಿಸಿದರೆ, ಎದುರಿಗಿರೋರು ತಮ್ಮ ಮಾತು ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗದೆ ನಿಂತುಬಿಡುತ್ತಾರೆ ಅಂದರು.

ಈಗ ದೂರುಗಳು. ಹದಿನೈದು ಜನ ಅಂತ ಹೇಳಿ ಇಪ್ಪತ್ತಾರು ಜನರನ್ನು ಸೇರಿಸಿಕೊಂಡರು. ಹಾಗಾಗಿ ಎಂಟು ವಾರದಲ್ಲಿ ನನ್ನ ಪುಟಗಳು ಓದಿಗೆ ಬಂದದ್ದು ಮೂರೇ ಸಲ. ಇದು ಸಣ್ಣ ವಿಷಯ ಅಲ್ಲ, ಏಕೆಂದರೆ ಶಿಬಿರದ ಜೀವ ಇರೋದೇ ಆ ಓದಿನಲ್ಲಿ. ಎರಡನೆಯದು, ಕೊನೆಯ ದಿನ ಆಯ್ದ ಸ್ಕ್ರಿಪ್ಟುಗಳ ಪ್ರದರ್ಶನ ಅಂದಿದ್ದರು, ಆಗಿದ್ದು ಬರೀ ಕುರ್ಚಿ ಹಾಕಿಕೊಂಡು ಓದಿದ್ದು. ಲೈಟು ಇಲ್ಲ, ಸೆಟ್ ಇಲ್ಲ, ಪ್ರೇಕ್ಷಕರು ನಾವು ನಾವೇ. ಪಾರ್ಕಿಂಗ್ ಇಲ್ಲ, ಬಸ್ಸಿನಲ್ಲೇ ಹೋಗಿ. ಕಾಫಿ ಚೆನ್ನಾಗಿತ್ತು.

ಪೂರ್ತಿ ಹೊಸಬರಿಗಿಂತ, ಕೈಯಲ್ಲಿ ಅರ್ಧ ಬರೆದ ನಾಟಕ ಇರೋರಿಗೆ ಇದು ಜಾಸ್ತಿ ಉಪಯೋಗ. ಸೇರೋ ಮುಂಚೆ ಫೋನ್ ಮಾಡಿ ಎಷ್ಟು ಜನ, ನಿಮ್ಮ ಸ್ಕ್ರಿಪ್ಟು ಎಷ್ಟು ಸಲ ಓದಿಗೆ ಬರುತ್ತದೆ, ಎರಡನ್ನೂ ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ತಗೊಳ್ಳಿ. ಪುಟಗಳ ಆರು ಪ್ರತಿ ಮಾಡಿಸಿಕೊಂಡು ಹೋಗಿ, ಅಕ್ಷರ ದಪ್ಪ ಇರಲಿ. ನಟರು ಕಣ್ಣು ಕಿರಿದು ಮಾಡಿಕೊಂಡು ಓದಿದ ದಿನ ನನ್ನ ಮೊದಲ ದೃಶ್ಯದ ಟೈಮಿಂಗ್ ಪೂರ್ತಿ ಹೋಗಿತ್ತು.