ಸೇಂಟ್ ಜೋಸೆಫ್ಸೋ, ಸರಳಾದೇವಿಯೋ?

ಮಗಳ ಡಿಗ್ರಿಗೆ ಬೆಂಗಳೂರಿನ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯವೋ, ನಮ್ಮ ಬಳ್ಳಾರಿಯ ಸರಳಾದೇವಿ ಕಾಲೇಜೋ ಎಂದು ಕೇಳಿದ್ದೀರಿ.

ಖರ್ಚಿನ ಮಾತು ಬೇಗ ಮುಗಿಯುತ್ತೆ. ಸರಳಾದೇವಿ ಸರ್ಕಾರಿ ಕಾಲೇಜು, ಮನೆ ಊಟ ಉಂಡು ಓದಬಹುದು. ಬೆಂಗಳೂರೆಂದರೆ ಫೀಸಿನ ಜೊತೆ ಹಾಸ್ಟೆಲ್ ಬೇರೆ.

ನಿಜವಾದ ವ್ಯತ್ಯಾಸ ಸೇವೆಯ ವಿಷಯದಲ್ಲಿದೆ. 1882ರಲ್ಲಿ ಶುರುವಾಗಿ 2022ರಲ್ಲಿ ವಿವಿಯಾದ ಜೋಸೆಫ್ಸ್ ಈಗ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಕೈಯಲ್ಲಿದೆ. ಜೆಸ್ವಿಟರ ಬಳಿ ಓದಿದವರು ಬೇರೆಯವರಿಗಾಗಿ ಬದುಕಬೇಕು ಎಂದು 1973ರಲ್ಲಿ ಆ ಸಂಘದ ಆಗಿನ ಮುಖ್ಯಸ್ಥ ಪೇದ್ರೊ ಅರೂಪೆ ಹೇಳಿದ್ದರು. ಸುಮ್ನೆ ದಾನ ಕೊಟ್ಟರೆ ಸಾಲದು, ಅನ್ಯಾಯವನ್ನೂ ಸರಿಪಡಿಸಬೇಕು ಅನ್ನೋದು ಅದರ ಸಾರ. ಹಾಗಾಗಿ ಅಲ್ಲಿ ಸಮಾಜಸೇವೆ ಓದಿನ ಭಾಗವೇ.

ಇಲ್ಲಿ ಸರಳಾದೇವಿಯಲ್ಲಿ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಇದೆ: ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಹಳ್ಳಿ ಶಿಬಿರ. ಚರಂಡಿ ತೋಡುವುದು, ಶಾಲೆಗೆ ಸುಣ್ಣ ಬಳಿಯುವುದು ಎಲ್ಲಾ ಉಂಟು. ಆದರೆ ಸೇರೋದು ಅವಳಿಷ್ಟ. ಮುಂದೆ ನಿಲ್ಲುವ ಹುಡುಗಿಯಾದರೆ ಇದೇ ಸಾಕು. ಹಿಂಜರಿಯುವವಳಿಗೆ ಯಾರಾದರೂ ತಳ್ಳಬೇಕಲ್ವಾ? ಆಗ ಜೋಸೆಫ್ಸ್ ವಾಸಿ.

ಧರ್ಮ ಹೇರುತ್ತಾರೆಂಬ ಭಯ ಬೇಡ. ಒಪ್ಪಿಗೆಯಿಲ್ಲದೆ ಧಾರ್ಮಿಕ ಪಾಠಕ್ಕೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿಯೇ ಹೇಳುತ್ತದೆ.

ದುಡ್ಡು ಬಿಗಿಯಿದ್ದರೆ ಡಿಗ್ರಿ ಇಲ್ಲೇ ಮುಗಿಸಲಿ, ಎಂಎಗೆ ಬೆಂಗಳೂರು ನೋಡೋಣ. ಕಳಿಸುವುದಾದರೆ ಹಾಸ್ಟೆಲ್ ಸೀಟು ಖಚಿತವಾದ ಮೇಲೆಯೇ ಫೀಸು ಕಟ್ಟಿ.