ಹಳೆಯ ಟರ್ಬೊಪ್ರಾಪ್ ಕೊಳ್ಳುವಾಗ: ಕಿಂಗ್ ಏರ್ ಬಿ200, ಸೆಸ್ನಾ 441, ಎಂಯು-2 ಹೋಲಿಕೆ

ಎರಡು ಎಂಜಿನ್‌ನ ಹಳೆಯ ಟರ್ಬೊಪ್ರಾಪ್ (ಟರ್ಬೈನ್ ಎಂಜಿನ್‌ನಿಂದ ಪ್ರೊಪೆಲರ್ ತಿರುಗಿಸುವ ವಿಮಾನ) ಹುಡುಕುವವರು ಮೊದಲು ಕೇಳುವುದು ವೇಗ ಎಷ್ಟು ಅಂತ. ಕೊಳ್ಳುವ ಯೋಚನೆಯಿಂದಲೇ ನಾನು ಕಿಂಗ್ ಏರ್ ಬಿ200, ಸೆಸ್ನಾ 441 ಕಾಂಕ್ವೆಸ್ಟ್, ಮಿತ್ಸುಬಿಷಿ ಎಂಯು-2 ಮಾರ್ಕೀಸ್ ಮೂರನ್ನೂ ಹಾರಿಸಿ ನೋಡಿದೆ. ಪಕ್ಕದಲ್ಲಿ ಆಯಾ ವಿಮಾನವನ್ನು ಚೆನ್ನಾಗಿ ಬಲ್ಲವರು ಕೂತಿದ್ದರು. ಹಾರಿಸಿದ ಮೇಲೆ ನನಗೆ ಅನಿಸಿದ್ದು ಇಷ್ಟು: ವೇಗದ ವ್ಯತ್ಯಾಸ ಸಣ್ಣದು. ಎಂಜಿನ್ ಯಾವುದು, ಅದರ ಆಯಸ್ಸು ಎಷ್ಟು ಉಳಿದಿದೆ, ಅದನ್ನು ಬಿಚ್ಚಿ ಜೋಡಿಸಲು ಬಲ್ಲ ಮೆಕ್ಯಾನಿಕ್ ನಿಮಗೆ ಸಿಗುತ್ತಾರಾ, ಇವೇ ದೊಡ್ಡ ಪ್ರಶ್ನೆಗಳು.

ಹಾಗಾಗಿ ಎಂಜಿನ್‌ನಿಂದಲೇ ಶುರು ಮಾಡುತ್ತೇನೆ. ಬಿ200 ವಿಮಾನಕ್ಕೆ ಪ್ರಾಟ್ ಆ್ಯಂಡ್ ವಿಟ್ನಿ ಕೆನಡಾದ ಪಿಟಿ6ಎ-42, ಒಂದೊಂದೂ 850 ಅಶ್ವಶಕ್ತಿ. ಉಳಿದ ಎರಡಕ್ಕೂ ಗ್ಯಾರೆಟ್ ಟಿಪಿಇ331, ಈಗ ಅದು ಹನಿವೆಲ್ ಹೆಸರಿನಲ್ಲಿದೆ. ಪಿಟಿ6 ಒಳಗೆ ಪ್ರೊಪೆಲರ್ ತಿರುಗಿಸುವ ಟರ್ಬೈನ್ ಬೇರೆ, ಗಾಳಿ ಒತ್ತುವ ಭಾಗ ಬೇರೆ. ಎರಡರ ನಡುವೆ ಇರುವುದು ಬಿಸಿ ಗಾಳಿ ಮಾತ್ರ. ಅದಕ್ಕೇ ಸ್ಟಾರ್ಟ್ ಮಾಡಿದಾಗ ಪ್ರೊಪೆಲರ್ ನಿಧಾನಕ್ಕೆ ತಿರುಗುತ್ತದೆ, ನೆಲದ ಮೇಲೆ ಸದ್ದೂ ಕಡಿಮೆ. ಗ್ಯಾರೆಟ್‌ನಲ್ಲಿ ಎಲ್ಲವೂ ಒಂದೇ ಶಾಫ್ಟ್ ಮೇಲೆ, ಗೇರ್ ಮೂಲಕ ಪ್ರೊಪೆಲರ್‌ಗೆ ನೇರ ಸಂಪರ್ಕ. ಲಿವರ್ ಮುಂದೆ ತಳ್ಳಿದ ತಕ್ಷಣ ಶಕ್ತಿ ಬರುತ್ತದೆ, ಇಂಧನವೂ ಉಳಿಯುತ್ತದೆ. ಆದರೆ ನೆಲದಲ್ಲಿ ನಿಂತಾಗ ಆ ಸದ್ದು ತಡೆಯೋಕಾಗಲ್ಲ, ಕಿವಿಗೆ ರಕ್ಷಣೆ ಇಲ್ಲದೆ ಹತ್ತಿರ ನಿಲ್ಲಲೇಬೇಡಿ. ಇನ್ನೊಂದು ವಿಷಯ, ಗ್ಯಾರೆಟ್ ಎಂಜಿನ್ ಬಂದ್ ಮಾಡಿದ ಮೇಲೆ ಒಳಗಿನ ಬಿಸಿಗೆ ಶಾಫ್ಟ್ ಸ್ವಲ್ಪ ಬಾಗುವ ಸಾಧ್ಯತೆ ಇರುತ್ತದೆ. ಅದಕ್ಕೆ ಪೈಲಟ್‌ಗಳು ಇಳಿದು ಬಂದು ಪ್ರೊಪೆಲರನ್ನು ಕೈಯಿಂದ ತಿರುಗಿಸುತ್ತಾರೆ. ಸ್ವಲ್ಪ ಹೊತ್ತು ನಿಂತು ಮತ್ತೆ ಹೊರಡುವ ಓಡಾಟ ಜಾಸ್ತಿ ಇದ್ದವರು ಇದನ್ನು ಗಮನದಲ್ಲಿಡಬೇಕು.

ಕಿಂಗ್ ಏರ್ ಹಾರಿಸೋದು ಆರಾಮ. ಭಾರವಾಗಿ, ಸ್ಥಿರವಾಗಿ ಹೋಗುತ್ತದೆ, ಕಂಟ್ರೋಲ್ ಒತ್ತಿದಷ್ಟೇ ಕೇಳುತ್ತದೆ. ಹೊರಡುವಾಗ ಒಂದು ಎಂಜಿನ್ ಕೈಕೊಟ್ಟರೆ ಆಟೊಫೆದರ್ ತಾನಾಗಿಯೇ ಆ ಕಡೆಯ ಪ್ರೊಪೆಲರ್ ರೆಕ್ಕೆಗಳನ್ನು ಗಾಳಿಗೆ ಅಂಚಾಗಿ ತಿರುಗಿಸುತ್ತದೆ, ಬಾಲದಲ್ಲಿದ್ದು ಮೂಗನ್ನು ಎಡಬಲಕ್ಕೆ ತಿರುಗಿಸುವ ರಡರನ್ನು ಒತ್ತಲು ರಡರ್ ಬೂಸ್ಟ್ ನಿಮ್ಮ ಕಾಲಿಗೆ ಸಹಾಯ ಮಾಡುತ್ತದೆ. ಒಬ್ಬರೇ ಹಾರಿಸುವವರಿಗೆ ಇದರ ಬೆಲೆ ಏನು ಅಂತ ನಾನು ಹೇಳಬೇಕಿಲ್ಲ. ಕ್ಯಾಬಿನ್ ಮೂರರಲ್ಲೂ ಇದರದ್ದೇ ಚೆಂದ. ಹಿಂದಿನ ಸಾಮಾನಿನ ಜಾಗವೂ ಒತ್ತಡದ ಕ್ಯಾಬಿನ್ ಒಳಗೇ ಇದೆ, ಹಾರುವಾಗಲೇ ಎದ್ದು ಹೋಗಿ ಬ್ಯಾಗ್ ತೆಗೆಯಬಹುದು. ವೇಗ 270ರಿಂದ 280 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.), ಇಂಧನ ಗಂಟೆಗೆ ಸುಮಾರು 100 ಗ್ಯಾಲನ್. ಇಂಧನದ ಖರ್ಚು ನೋಡಿದರೆ ಇದೇ ಹಿಂದೆ.

441 ಹಾರಿಸಿದ ಮೇಲೆ ನನಗೆ ನಿಜವಾಗಿಯೂ ಆಸೆ ಹುಟ್ಟಿತು. 35,000 ಅಡಿವರೆಗೆ ಹೋಗಲು ಅನುಮತಿ ಇದೆ, ಏರುವಾಗಲೂ ಸುಸ್ತು ತೋರಿಸುವುದಿಲ್ಲ. ಮೇಲೆ ಹೋದ ಮೇಲೆ ಬಿ200ಗಿಂತ ಸ್ವಲ್ಪ ಜೋರಾಗಿಯೇ ಹೋಗುತ್ತದೆ, ಇಂಧನ ಮಾತ್ರ ಕಾಲುಭಾಗದಷ್ಟು ಕಡಿಮೆ ಕುಡಿಯುತ್ತದೆ. ಒಂದೇ ನೆಗೆತದಲ್ಲಿ 1500 ನಾಟಿಕಲ್ ಮೈಲಿ ಅನ್ನುವುದು ಇದಕ್ಕೆ ದೊಡ್ಡ ಮಾತಲ್ಲ. ಆದರೆ 1986ರಲ್ಲೇ ಉತ್ಪಾದನೆ ನಿಂತಿದೆ, ಆಗಲೇ ಕಡಿಮೆ ಸಂಖ್ಯೆಯಲ್ಲಿ ಬಂದ ವಿಮಾನ. ಚೆನ್ನಾಗಿರುವುದನ್ನು ಇಟ್ಟುಕೊಂಡವರು ಮಾರುವುದಿಲ್ಲ. ಅಂದರೆ ಮಾರಾಟಕ್ಕೆ ಸಿಗುವುದು ಯಾಕೆ ಸಿಗುತ್ತಿದೆ ಅಂತ ಪ್ರತಿ ಸಲವೂ ಕೇಳಿ ತಿಳಿದುಕೊಳ್ಳಬೇಕು.

ಎಂಯು-2 ಬಗ್ಗೆ ಸುಮ್ನೆ ಹೆದರಿಸುವವರು ಬಹಳ, ಅಲ್ವಾ? ಅದು ಕೆಟ್ಟ ವಿಮಾನ ಅಲ್ಲ, ಬೇರೆ ಥರದ ವಿಮಾನ. ರೆಕ್ಕೆ ಚಿಕ್ಕದು, ಹಿಂಭಾಗದ ಅಂಚಿನ ಪೂರ್ತಿ ಉದ್ದಕ್ಕೂ ಫ್ಲ್ಯಾಪ್, ಅಂದರೆ ನಿಧಾನ ವೇಗದಲ್ಲಿ ಎತ್ತುವ ಬಲ ಹೆಚ್ಚಿಸಲು ಕೆಳಗಿಳಿಸುವ ಪಟ್ಟಿ. ವಿಮಾನವನ್ನು ಪಕ್ಕಕ್ಕೆ ವಾಲಿಸುವ ಐಲರಾನ್‌ಗೆ ಜಾಗವೇ ಇಲ್ಲ, ಬದಲಿಗೆ ರೆಕ್ಕೆಯ ಮೇಲಿಂದ ಏಳುವ ಸ್ಪಾಯ್ಲರ್‌ನಿಂದ ವಾಲಿಸಬೇಕು. ಸ್ಪಾಯ್ಲರ್ ಎದ್ದರೆ ಆ ಕಡೆಯ ಎತ್ತುವ ಬಲ ಕಡಿಮೆಯಾಗುತ್ತದೆ. ಒಂದು ಎಂಜಿನ್ ನಿಂತಾಗ ಬೇರೆ ವಿಮಾನದ ಅಭ್ಯಾಸದಲ್ಲಿ ವೀಲ್ ಪೂರ್ತಿ ತಿರುಗಿಸಿದರೆ ಮೇಲೆ ಏರಬೇಕಾದ ವಿಮಾನ ಕೆಳಗೆ ಬರುತ್ತದೆ. ಕಾಲಿನಿಂದ ರಡರ್ ಹಿಡಿದು, ಉಳಿದದ್ದನ್ನು ಟ್ರಿಮ್‌ನಿಂದ (ವಿಮಾನದ ಸಮತೋಲ ಹೊಂದಿಸುವ ಸಣ್ಣ ಕಂಟ್ರೋಲ್) ಸರಿಮಾಡಬೇಕು. ಇದಕ್ಕೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2008ರಲ್ಲಿ ಎಂಯು-2 ಪೈಲಟ್‌ಗಳಿಗೆ ವಿಶೇಷ ತರಬೇತಿ ಕಡ್ಡಾಯ ಮಾಡಿತು, ಆಮೇಲೆ ಅಪಘಾತಗಳು ತುಂಬಾ ಕಡಿಮೆಯಾದವು. ಇಷ್ಟು ಗಟ್ಟಿ ಕಟ್ಟಿದ, ಇಷ್ಟು ವೇಗದ ವಿಮಾನ ಆ ಬೆಲೆಗೆ ಬೇರೆ ಸಿಗಲ್ಲ. ಆದರೆ ವರ್ಷವಿಡೀ ನಿಯಮಿತವಾಗಿ ಹಾರಿಸದವರು ಇದನ್ನು ತೆಗೆದುಕೊಳ್ಳಬಾರದು, ಈ ಮಾತಿನಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಒಳಗೆ ಸದ್ದೂ ಜಾಸ್ತಿ.

ಈಗ ದುಡ್ಡಿನ ಮಾತು. ಪಿಟಿ6ಎ-42ಕ್ಕೆ 3600 ಗಂಟೆ ಹಾರಿದ ಮೇಲೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವುದು), ನಡುವೆ 1800ಕ್ಕೆ ಹಾಟ್ ಸೆಕ್ಷನ್, ಅಂದರೆ ಎಂಜಿನ್‌ನ ಬಿಸಿ ಭಾಗದ ತಪಾಸಣೆ. 441ರ ಮೂಲ ಎಂಜಿನ್‌ಗೆ 3000, ಅದನ್ನು ಟಿಪಿಇ331ರ -10 ಮಾದರಿಗೆ ಬದಲಿಸಿದ್ದರೆ 5000. ಹಳೆಯ ವಿಮಾನದಲ್ಲಿ ಎರಡೂ ಎಂಜಿನ್ ಓವರ್‌ಹಾಲ್ ಬಿಲ್ಲು ವಿಮಾನದ ಬೆಲೆಯ ಹತ್ತಿರ ಬರಬಹುದು. ಅಗ್ಗ ಅಂತ ಕಾಣುವ ವಿಮಾನ ಬಹುಪಾಲು ಅಗ್ಗವಾಗಿರುವುದು ಇದೇ ಕಾರಣಕ್ಕೆ. ಕಿಂಗ್ ಏರ್‌ಗೆ ಇದರ ಮೇಲೆ 200 ಗಂಟೆಗೊಂದರಂತೆ ಹಂತದ ತಪಾಸಣೆ, 5 ವರ್ಷಕ್ಕೆ ರೆಕ್ಕೆಯ ಬೋಲ್ಟ್ ತಪಾಸಣೆ, 6 ವರ್ಷಕ್ಕೆ ಲ್ಯಾಂಡಿಂಗ್ ಗೇರ್ ಓವರ್‌ಹಾಲ್. ಹಾರಿಸದೆ ಹ್ಯಾಂಗರ್‌ನಲ್ಲಿ ನಿಲ್ಲಿಸಿದರೂ ಈ ವರ್ಷಗಳ ಲೆಕ್ಕ ಓಡುತ್ತಲೇ ಇರುತ್ತದೆ. ಕಡಿಮೆ ಗಂಟೆ ಹಾರಿದೆ ಅಂತ ಖುಷಿಪಡುವ ಮೊದಲು ಇದನ್ನು ನೋಡಿ.

ನಾನು ನೋಡಿದ ಒಂದು ವಿಮಾನಕ್ಕೆ "ಈಗಷ್ಟೇ ಹಾಟ್ ಸೆಕ್ಷನ್ ಆಗಿದೆ" ಅಂದರು. ಲಾಗ್‌ಬುಕ್ (ಆದ ಕೆಲಸವನ್ನೆಲ್ಲ ಬರೆದಿಡುವ ದಾಖಲೆ) ಕೇಳಿದರೆ ನಡುವಿನ ಕೆಲವು ವರ್ಷಗಳದ್ದು ಇಲ್ಲವೇ ಇಲ್ಲ. ಅಲ್ಲಿಗೇ ಮಾತು ನಿಲ್ಲಿಸಿದೆ. ಪುಟ ಕಳೆದುಹೋದರೆ ಆ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ತಪಾಸಣೆಯನ್ನು ಮಾರುವವರ ಕಡೆಯ ವರ್ಕ್‌ಶಾಪ್‌ನಲ್ಲಿ ಮಾಡಿಸಬೇಡಿ. ಎಂಜಿನ್ ಒಳಗೆ ಬೋರ್‌ಸ್ಕೋಪ್ (ತೆಳು ಕೊಳವೆಯ ಕ್ಯಾಮೆರಾ) ಹಾಕಿಸಿ, ಎಣ್ಣೆಯ ಪರೀಕ್ಷೆ ಮಾಡಿಸಿ, ತುಕ್ಕು ಹುಡುಕಿಸಿ.

ನನ್ನ ಓಡಾಟ ಹೆಚ್ಚಾಗಿ 500-600 ನಾಟಿಕಲ್ ಮೈಲಿ, ಜೊತೆಗೆ ನಾಲ್ಕೈದು ಜನ. ಇಷ್ಟು ದೂರಕ್ಕೆ 441ರ ವೇಗದಿಂದ ಉಳಿಯುವುದು ಕೆಲವೇ ನಿಮಿಷ, ಆದರೆ ದೂರದ ಊರಿನಲ್ಲಿ ಒಂದು ಭಾಗ ಕೆಟ್ಟರೆ ಕಿಂಗ್ ಏರ್‌ಗೆ ಅದು ಬೇಗ ಸಿಗುತ್ತದೆ, ಹಾಕಿಕೊಡುವವರೂ ಸಿಗುತ್ತಾರೆ. ಹಾಗಾಗಿ ನಾನು ಬಿ200 ಕಡೆ ವಾಲಿದ್ದೇನೆ, ಅದರಲ್ಲೂ ಹೈಡ್ರಾಲಿಕ್ ಲ್ಯಾಂಡಿಂಗ್ ಗೇರ್ ಇರುವ ಆಮೇಲಿನ ವಿಮಾನಗಳು. ನಿಮ್ಮ ಓಡಾಟ 1000 ಮೈಲಿ ದಾಟುತ್ತಿದ್ದರೆ, ಗ್ಯಾರೆಟ್ ಬಲ್ಲ ವರ್ಕ್‌ಶಾಪ್ ಹತ್ತಿರದಲ್ಲೇ ಇದ್ದರೆ, -10 ಎಂಜಿನ್ ಹಾಕಿದ 441 ಸಿಕ್ಕಿದರೆ ಬೇರೇನೂ ನೋಡಬೇಡಿ, ಮೊದಲು ಅದರ ಲಾಗ್‌ಬುಕ್ ತರಿಸಿಕೊಳ್ಳಿ.