ತಳದಲ್ಲಿ ಬಾಗಿಲಿರುವ ಮಿನಿ ಡಿವಿ ಕ್ಯಾಮೆರಾ: ಕ್ಯಾಸೆಟ್ ತೆಗೆದಿಟ್ಟ ಮೇಲೆ ಬಂದ ನೆಮ್ಮದಿ

ಪುಟ್ಟ ಡಿಜಿಟಲ್ ಕ್ಯಾಸೆಟ್ಟಿನಲ್ಲಿ ವಿಡಿಯೊ ಹಿಡಿಯುವ ಈ ಮಿನಿ ಡಿವಿ ಕ್ಯಾಮೆರಾದ ಲೆನ್ಸ್, ಜೂಮ್, ಬಣ್ಣಗಳ ಬಗ್ಗೆ ನನಗೆ ದೂರಿಲ್ಲ. ಸಿಟ್ಟೆಲ್ಲ ಕ್ಯಾಸೆಟ್ ಹಾಕುವ ಬಾಗಿಲಿನ ಮೇಲೆ. ತಯಾರಕರು ಅದನ್ನು ತಳದಲ್ಲಿ ಇಟ್ಟಿದ್ದಾರೆ. ಟ್ರೈಪಾಡ್ ಮೇಲಿರುವಾಗ ತೆರೆಯುವುದೇ ಇಲ್ಲ. 60 ನಿಮಿಷದ ಟೇಪು ಮುಗಿದೊಡನೆ ಕ್ಯಾಮೆರಾ ಕಳಚಬೇಕು, ಒಳಗಿನ ಯಂತ್ರ ಆಕಳಿಸುತ್ತ ಹೊರಬರುವವರೆಗೆ ಕಾಯಬೇಕು, ಹೊಸ ಕ್ಯಾಸೆಟ್ ಹಾಕಿ ಮತ್ತೆ ಕೂರಿಸಿ ಫ್ರೇಮ್ ಹೊಂದಿಸಬೇಕು. ಅಷ್ಟರಲ್ಲಿ ವೇದಿಕೆಯ ಮೇಲೆ ಆಗಬೇಕಾದದ್ದು ಆಗಿ ಹೋಗಿರುತ್ತದೆ. ಮೂರು ಗಂಟೆಯ ನಾಟಕಕ್ಕೆ ಎರಡು ಸಲ ಈ ಶಿಕ್ಷೆ.

ಟೇಪು ನಿಧಾನವಾಗಿ ಓಡುವ ಎಲ್‌ಪಿ (ಲಾಂಗ್ ಪ್ಲೇ) ಮೋಡ್‌ನಲ್ಲಿ ಅದೇ ಟೇಪು 90 ನಿಮಿಷ ಬರುತ್ತದೆ, ಚಿತ್ರದ ಗುಣಮಟ್ಟವೂ ಕುಗ್ಗುವುದಿಲ್ಲ. ಆದರೆ ಟೇಪಿನ ಮೇಲಿನ ಒಂದೊಂದು ಟ್ರ್ಯಾಕ್‌ನ ಅಗಲ 10 ಮೈಕ್ರಾನ್‌ನಿಂದ 6.7ಕ್ಕೆ ಇಳಿಯುವುದರಿಂದ, ಬೇರೆ ಯಂತ್ರದಲ್ಲಿ ಹಾಕಿದರೆ ಚಿತ್ರ ಚೌಕಚೌಕವಾಗಿ ಒಡೆಯುವ ಅಪಾಯವಿದೆ. ಮರಳಿ ಸಿಗದ ಕಾರ್ಯಕ್ರಮವನ್ನು ಅದಕ್ಕೆ ಒಪ್ಪಿಸಲು ನನಗೆ ಧೈರ್ಯವಿಲ್ಲ.

ಮಾರಿಬಿಡಬೇಕೆಂದಿದ್ದವನನ್ನು ತಡೆದದ್ದು ಪಕ್ಕದಲ್ಲಿರುವ ಪುಟ್ಟ ಫೈರ್‌ವೈರ್ ಕಿಂಡಿ. ಅಲ್ಲಿಂದ ಕೇಬಲ್ ಎಳೆದು ಅದೇ ಬಗೆಯ ಕಿಂಡಿಯಿರುವ ಲ್ಯಾಪ್‌ಟಾಪಿಗೆ ಸೇರಿಸಿದರೆ, ಟೇಪಿಗೆ ಹೋಗಬೇಕಾದ ಡಿವಿ ಚಿತ್ರವೇ ನೇರವಾಗಿ ಹಾರ್ಡ್ ಡಿಸ್ಕಿಗೆ ಇಳಿಯುತ್ತದೆ. ಗಂಟೆಗೆ ಸುಮಾರು 13 ಜಿಬಿ. ಕ್ಯಾಸೆಟ್ ಒಳಗಿಟ್ಟು ಸ್ಟ್ಯಾಂಡ್‌ಬೈನಲ್ಲಿ (ಟೇಪಿಗೆ ರೆಕಾರ್ಡ್ ಮಾಡದೆ) ಬಿಟ್ಟರೆ ಟೇಪು ಸವೆಯಬಾರದೆಂದು ಈ ಕ್ಯಾಮೆರಾ ಐದು ನಿಮಿಷಕ್ಕೆ ತಾನೇ ಆರಿಹೋಗುತ್ತದೆ. ಕ್ಯಾಸೆಟ್ ಇಲ್ಲದಿದ್ದರೆ ಕಾರ್ಯಕ್ರಮ ಮುಗಿಯುವವರೆಗೂ ಎಚ್ಚರವಾಗಿರುತ್ತದೆ. ನನ್ನನ್ನು ಅಷ್ಟು ಕಾಡಿದ ಬಾಗಿಲು ಈಗ ಮುಚ್ಚಿಯೇ ಇರುತ್ತದೆ.

ಪರದೆ ಏಳುವ ಅರ್ಧ ಗಂಟೆ ಮೊದಲಿನ ಸಿದ್ಧತೆ ನನಗೀಗ ಪ್ರಿಯವಾದ ಕೆಲಸ. ಬ್ಯಾಟರಿ ನಂಬದೆ ಅಡಾಪ್ಟರ್ ಚುಚ್ಚುತ್ತೇನೆ. ಮೆನುವಿನಲ್ಲಿ ಡೆಮೊ ಆಫ್ ಮಾಡುತ್ತೇನೆ, ಇಲ್ಲವಾದರೆ ಖಾಲಿ ಕ್ಯಾಮೆರಾ ಸ್ವಲ್ಪ ಹೊತ್ತಿಗೆ ತನ್ನ ಗುಣಗಾನ ತಾನೇ ಶುರುಮಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್‌ಸೇವರ್, ವೈರಸ್ ತಪಾಸಣೆ, ನೆಟ್‌ವರ್ಕ್ ಎಲ್ಲಕ್ಕೂ ರಜೆ. ಡಿಸ್ಕು ಬೇರೆ ಕಡೆ ಗಮನ ಕೊಟ್ಟರೆ ಫ್ರೇಮುಗಳು ಬಿಟ್ಟುಹೋಗುತ್ತವೆ. ಡಿಸ್ಕ್ ದೊಡ್ಡ ಫೈಲುಗಳನ್ನು ಹಿಡಿಯುವ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿದೆಯೇ ಎಂದೂ ನೋಡುತ್ತೇನೆ. ಫ್ಯಾಟ್32 ಆಗಿದ್ದರೆ ಒಂದು ಫೈಲು 4 ಜಿಬಿ ದಾಟುವುದಿಲ್ಲ, ಅಂದರೆ ಇಪ್ಪತ್ತು ನಿಮಿಷವೂ ಪೂರಾ ಸಿಗುವುದಿಲ್ಲ. ಕೊನೆಗೆ ಕೇಬಲನ್ನು ಟ್ರೈಪಾಡಿನ ಕಾಲಿಗೆ ಅಂಟುಪಟ್ಟಿಯಿಂದ ಬಿಗಿಯುತ್ತೇನೆ.

ಈ ಅಂಟುಪಟ್ಟಿಗೂ ಕಾರಣ ತಯಾರಕರೇ. ನಾಲ್ಕು ಪಿನ್ನಿನ ಆ ಕಿಂಡಿ ಎಷ್ಟು ಸಡಿಲವೆಂದರೆ ಯಾರಾದರೂ ಪಕ್ಕದಲ್ಲಿ ಹಾದುಹೋದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಕೇಬಲ್ಲಿನ ಉದ್ದವೂ 4.5 ಮೀಟರಿಗೇ ಮುಗಿಯುವುದರಿಂದ ಕ್ಯಾಮೆರಾ ಬಿಟ್ಟು ದೂರ ಕೂರುವಂತಿಲ್ಲ. ಟೇಪಿನ ಪ್ರತಿ ಇಲ್ಲದಿರುವುದರಿಂದ ಲ್ಯಾಪ್‌ಟಾಪ್ ನಡುವೆ ಕೈಕೊಟ್ಟರೆ ಏನೂ ಉಳಿಯುವುದಿಲ್ಲ ಎಂಬುದೂ ನಿಜ.

ಇಷ್ಟಾದರೂ ಹೊಸದು ಕೊಳ್ಳುವ ಹಣವನ್ನು ದೊಡ್ಡ ಡಿಸ್ಕಿಗೆ ಹಾಕಿದ್ದೇನೆ. ಚಿಕ್ಕ ಚಿಕ್ಕ ತುಣುಕು ತೆಗೆಯುವವರಿಗೆ ಈ ಬಾಗಿಲು ತೊಂದರೆಯೇ ಅಲ್ಲ. ದೀರ್ಘ ಕಾರ್ಯಕ್ರಮಗಳಿಗೆಂದು ಬಳಸಿದ ಕ್ಯಾಮೆರಾ ಹುಡುಕುತ್ತಿರುವವರು ಲೆನ್ಸ್ ನೋಡುವ ಮೊದಲು ಫೈರ್‌ವೈರ್ ಕಿಂಡಿಗೆ ಕೇಬಲ್ ಚುಚ್ಚಿ, ಮೆಲ್ಲಗೆ ಅಲುಗಾಡಿಸಿ ನೋಡಿ.